ಒಂದೇ ಹೆಬ್ಬಾಗಿಲಿನ ಮಕ್ಕಳು

ಆ ಬೆಳಗ್ಗೆ ಗಾಳಿಯೇ ಇರಲಿಲ್ಲ. ಫೆಬ್ರವರಿ ಮುಗಿಯುತ್ತ ಬಂದಿತ್ತು. ಅಷ್ಟು ಹೊತ್ತಿಗೆ ನಮ್ಮ ಕಣಿವೆಯಲ್ಲಿ ಗಾಳಿ ಎದ್ದು ಮಾಡಿನ ತಗಡುಗಳನ್ನು ಬಡಿಯಲು ತೊಡಗಿರಬೇಕು. ಅಂದು ಮಾತ್ರ ಮನೆಮನೆಯ ಹೊಗೆಯೂ ನೆಟ್ಟಗೆ ಮೇಲೇರಿ, ಬೆಟ್ಟದ ಹಿಮದ ಎತ್ತರಕ್ಕೆ ಹೋಗಿ, ಅಲ್ಲೇ ನಿಂತುಬಿಟ್ಟಿತ್ತು. ಹೊಳೆಯ ಎರಡೂ ಅಂಚಿಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿ, ನಡುವೆ ಒಂದು ಎಳೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ದೇವರು ಉಸಿರು ಹಿಡಿದು ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು ಊರು.

ಲಿಬ್ರಾದಕ್ಕ ಮೊಮ್ಮಗಳನ್ನು ಒಲೆಯ ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಮಗುವಿನ ಹೆಸರು ಸೆರಾಫಿನಾ, ಕರೆಯುವುದು ಫಿನಾ ಎಂದು. ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು. ತಂದೆ ಯಾರೆಂಬುದು ಊರಿಗೆ ಗೊತ್ತು, ಆದರೆ ಊರು ಆ ಮಾತನ್ನು ಎತ್ತುವುದಿಲ್ಲ. ತಾಯಿ ಯೊಲಾಂದಾ, ಲಿಬ್ರಾದಕ್ಕನ ಕಿರಿಯ ಮಗಳು, ರಾಜ್ಯದ ದಕ್ಷಿಣದ ತುದಿಯಲ್ಲಿ ಎಣ್ಣೆ ಬಾವಿಗಳ ಕೆಲಸಗಾರರ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಕಾರು ಓಡಿಸಿದರೆ ಸಿಗುವಷ್ಟು ದೂರ. ರಜೆ ಸಿಕ್ಕಾಗ ಬರುತ್ತಿದ್ದಳು, ಎರಡು ದಿನ ಇರುತ್ತಿದ್ದಳು, ಹೋಗುತ್ತಿದ್ದಳು.

ಅವಳು ಹೋದ ಮೇಲೆ ಫಿನಾ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಲಿಬ್ರಾದಕ್ಕ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಮಗು ಹೆಬ್ಬಾಗಿಲ ಪಕ್ಕದ ಮೋಟುಗೋಡೆ ಹತ್ತಿ ರಸ್ತೆ ನೋಡುತ್ತ ಕೂರುತ್ತಿತ್ತು. ಯಾವ ಕಾರು ಬಂದರೂ ಸೊಂಟ ನೆಟ್ಟಗಾಗುತ್ತಿತ್ತು, ಕಾರು ದಾಟಿ ಹೋದರೆ ಮತ್ತೆ ಬಾಗುತ್ತಿತ್ತು. ಬೊಂಬೆ ಕೊಟ್ಟರೆ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿತ್ತು. ಬಿಸಿ ಟೊರ್ಟಿಯಾ ರೊಟ್ಟಿಗೆ ಜೇನು ಸವರಿ ಕೈಗಿಟ್ಟರೆ ತಿನ್ನುತ್ತ ರಸ್ತೆ ನೋಡುತ್ತಿತ್ತು. ಮನೆಯೊಳಗೆ ಕರೆದರೆ ಬರುತ್ತಿತ್ತು, ಹಟವಿಲ್ಲ. ಬಂದು ಕಿಟಕಿಯ ಬಳಿ ನಿಲ್ಲುತ್ತಿತ್ತು.

ಅಂದು ಪಟ್ಟಣದ ಮಾಂಟೆಸರಿ ಶಾಲೆಯನ್ನು ನೋಡಲು ಹೋಗುವ ದಿನ. ಅದು ಸರ್ಕಾರದ ದುಡ್ಡಿನಲ್ಲೇ ನಡೆಯುವ ಚಾರ್ಟರ್ ಶಾಲೆ. ಪಾಠದ ಕ್ರಮ ಅವರದೇ, ಫೀಸು ಇಲ್ಲ, ಯಾರು ಬೇಕಾದರೂ ಕೇಳಬಹುದು. ಜಾಗ ಕಡಿಮೆ, ಕೇಳುವವರು ಹೆಚ್ಚು. ಅದಕ್ಕೆ ವರ್ಷಕ್ಕೊಮ್ಮೆ ಎಲ್ಲರೆದುರು ಚೀಟಿ ಎತ್ತುತ್ತಾರೆ. ಲಿಬ್ರಾದಕ್ಕನ ಮಗನ ಮಗಳು ಬೆನಿತಾ ಆಗಲೇ ಅಲ್ಲಿ ಓದುತ್ತಿದ್ದಳು. ಅವಳ ತಾಯಿ ಕಾರ್ಮೆಲಾಳೇ ಕಾರು ತೆಗೆದಳು.

ದಾರಿಯಲ್ಲಿ ಕಾರ್ಮೆಲಾ ಅತ್ತೆಗೆ ಬುದ್ಧಿ ಹೇಳುತ್ತಲೇ ಬಂದಳು. ಅಲ್ಲಿ ನೋಡಲು ಬಂದವರು ಮೂಲೆಯ ಪುಟ್ಟ ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು, ಮಾತಾಡಬಾರದು, ಮುಖ್ಯವಾಗಿ ಯಾವ ಮಗುವಿಗೂ ಸಹಾಯ ಮಾಡಬಾರದು.

"ಸಹಾಯ ಮಾಡಿದ್ರೆ ಏನಾಗುತ್ತೆ?" ಎಂದಳು ಲಿಬ್ರಾದಕ್ಕ.

"ಅದೇ ದೊಡ್ಡ ತಪ್ಪು ಅಂತಾರೆ ಅತ್ತೆ. ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ. ನಾನೂ ಹಾಗೇ ಮಾಡಿದ್ದು."

ಲಿಬ್ರಾದಕ್ಕ ನಕ್ಕಳು. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಮೊದಲು ತೋಳು ಮಡಚಿ ಅಡುಗೆಮನೆ ಸೇರುವ ಕೈಗಳು ಅವಳವು. ಅವುಗಳ ಮೇಲೆ ಕೂರುವುದೆಂದರೆ ಏನು?

ಶಾಲೆ ಒಂದು ಕಾಲಕ್ಕೆ ಉಣ್ಣೆಯ ಗೋದಾಮಾಗಿದ್ದ ಕಟ್ಟಡ. ಒಳಗೆ ಹೋದರೆ ಇಗರ್ಜಿಯಲ್ಲಿ ಪೂಜೆಗೆ ಮುಂಚೆ ಇರುತ್ತದಲ್ಲ, ಅಂಥ ಸದ್ದು. ಮಕ್ಕಳು ಸಣ್ಣ ಚಾಪೆಗಳನ್ನು ಹಾಸಿಕೊಂಡು ತಮ್ಮ ತಮ್ಮ ಕೆಲಸದಲ್ಲಿದ್ದರು. ಒಬ್ಬಳು ಮೇಜು ತೊಳೆಯುತ್ತಿದ್ದಳು, ಒಬ್ಬ ಮರದ ತುಂಡುಗಳಿಂದ ಗೋಪುರ ಕಟ್ಟುತ್ತಿದ್ದ. ಒಬ್ಬರ ಚಾಪೆಯನ್ನು ಇನ್ನೊಬ್ಬರು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದರು. ಶಾಲೆ ನಡೆಸುವ ಮಿಸ್ ಆಲ್ಥಿಯಾ, ಬಹಳ ಹಿಂದೆ ಉತ್ತರದಿಂದ ಬಂದು ನಮ್ಮಲ್ಲೇ ಉಳಿದುಹೋದ ಎತ್ತರದ ಹೆಂಗಸು, ಫಿನಾಳ ಮುಂದೆ ಮಂಡಿಯೂರಿ ಕೈ ಕುಲುಕಿ, ಕಪಾಟಿನ ಬಳಿಗೆ ಕರೆದುಕೊಂಡು ಹೋದಳು. ಒಂದು ತಟ್ಟೆ, ಅದರಲ್ಲಿ ಎರಡು ಪುಟ್ಟ ಹೂಜಿ, ಒಂದರ ತುಂಬ ಬೀನ್ಸ್ ಕಾಳು. ಮಾತಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸುರಿದು ತೋರಿಸಿ, ಎದ್ದು ಹೋದಳು.

ಫಿನಾ ಸುರಿದಳು. ಕಾಳು ಅರ್ಧಕ್ಕರ್ಧ ನೆಲದ ಪಾಲಾಯಿತು. ಲಿಬ್ರಾದಕ್ಕ ಯೋಚಿಸಲೇ ಇಲ್ಲ. ಎದ್ದು, ಎರಡೇ ಹೆಜ್ಜೆಗೆ ಹೋಗಿ, ಬಗ್ಗಿ, ಕಾಳು ಬಾಚಲು ಕೈ ಚಾಚಿದ್ದಳು. ಆಗ ಹೆಗಲ ಮೇಲೆ ಒಂದು ಕೈ ಬಂತು. ಮಿಸ್ ಆಲ್ಥಿಯಾ. ಬೈಯಲಿಲ್ಲ. ಆ ಕೈ ಅಲ್ಲೇ ಇತ್ತು, ಅಷ್ಟೆ. ಲಿಬ್ರಾದಕ್ಕ ಕಿವಿಯವರೆಗೆ ಕೆಂಪಾಗಿ ಹಿಂದೆ ಬಂದು ಕುರ್ಚಿಯಲ್ಲಿ ಕೂತಳು. ಈ ಸಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಫಿನಾ ಒಂದೊಂದೇ ಕಾಳು ಹೆಕ್ಕಿದಳು. ಮತ್ತೆ ಸುರಿದಳು, ಮತ್ತೆ ಚೆಲ್ಲಿತು, ಮತ್ತೆ ಹೆಕ್ಕಿದಳು. ನಾಲಗೆಯ ತುದಿ ತುಟಿಯ ಹೊರಗಿತ್ತು. ಹೊರಗೆ ರಸ್ತೆ. ದೊಡ್ಡ ಕಿಟಕಿ ಅವಳ ಪಕ್ಕದಲ್ಲೇ ಇತ್ತು. ಒಂದು ಲಾರಿ ಹೋಯಿತು, ಹಿಂದೆಯೇ ಒಂದು ಕಾರು, ಯೊಲಾಂದಾಳ ಕಾರಿನ ಬಣ್ಣದ್ದೇ. ಲಿಬ್ರಾದಕ್ಕನೇ ಕತ್ತು ತಿರುಗಿಸಿ ನೋಡಿದಳು. ಮಗು ನೋಡಲಿಲ್ಲ.

ಆ ಗಳಿಗೆಯಲ್ಲಿ ಲಿಬ್ರಾದಕ್ಕನ ಎದೆಯೊಳಗೆ ಏನೋ ಬಿಚ್ಚಿಕೊಂಡಿತು. ಆಸೆ ಎಂದರೆ ಸಾಲದು. ಗಂಡ ತೀರಿಕೊಂಡ ಮೇಲೆ ಅವಳು ತನಗೆಂದು ಏನನ್ನೂ ಬೇಡಿದವಳಲ್ಲ. ಈಗ ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತು, ಈ ಕೋಣೆಯಲ್ಲಿ ಈ ಮಗುವಿಗೆ ಒಂದು ಚಾಪೆಯಷ್ಟು ಜಾಗ ಕೊಡು ಸ್ವಾಮಿ ಎಂದು ಬೇಡಿದಳು. ತಾಯಿ ಬರುವವರೆಗೆ ಕಾಯುವುದು ತಪ್ಪದು, ಆದರೆ ಕಾಯುವುದು ನೋಯದ ಒಂದು ಜಾಗ.

ಹಿಂದಿರುಗುವಾಗ ಫಿನಾ ಕೇಳಿದಳು: "ಅಜ್ಜಿ, ಆ ಕಾಳು ನಾಳೇನೂ ಅಲ್ಲೇ ಇರುತ್ತಾ?"

"ಇರುತ್ತೆ ಕಂದಾ."

"ಯಾರೂ ತಗೊಂಡು ಹೋಗಲ್ವಾ?"

"ಇಲ್ಲ."

"ಹಾಗಾದ್ರೆ ಸರಿ," ಎಂದು ಮಗು ಅಜ್ಜಿಯ ತೋಳಿಗೆ ಒರಗಿ ನಿದ್ದೆ ಹೋಯಿತು.

ಮಾರನೆಯ ವಾರವೇ ಲಿಬ್ರಾದಕ್ಕ ಅರ್ಜಿ ಕೊಡಲು ಹೋದಳು. ಆಫೀಸಿನಲ್ಲಿದ್ದವಳು ಆ ಚಳಿಗಾಲದಲ್ಲಷ್ಟೇ ದೊಡ್ಡ ನಗರದಿಂದ ಬಂದ ಹೊಸ ಹುಡುಗಿ. ಲಿಬ್ರಾದಕ್ಕ ಕನ್ನಡಕ ಮರೆತು ಬಂದಿದ್ದಳೆಂದು ಅವಳೇ ಒಂದೊಂದಾಗಿ ಕೇಳಿ ಬರೆದುಕೊಂಡಳು. ಹೆಸರು, ವಿಳಾಸ, ಹುಟ್ಟಿದ ದಿನ. ಕೊನೆಗೆ, ಈ ಮಗುವಿನ ಅಣ್ಣನೋ ಅಕ್ಕನೋ ನಮ್ಮ ಶಾಲೆಯಲ್ಲಿದ್ದಾರೆಯೇ ಎಂದು ಕೇಳಿದಳು.

"ಇದ್ದಾಳಲ್ಲ, ನಮ್ಮ ಬೆನಿತಾ."

ಹುಡುಗಿ ಬೆನಿತಾಳ ಹೆಸರು ಹುಡುಕಿ ನೋಡಿದಳು. ಅದೇ ಮೊಂದ್ರಾಗೋನ್ ಮನೆತನ, ಅದೇ ರಸ್ತೆ, ಅದೇ ಮನೆ ನಂಬರು. ಬರೆದುಕೊಂಡಳು.

ಇದರಲ್ಲಿ ಸುಳ್ಳೆಲ್ಲಿದೆ? ಮೊಂದ್ರಾಗೋನರದು ನಮ್ಮ ಹಳೇ ಕಾಲದ ಕಟ್ಟು. ನಡುವೆ ಅಂಗಳ, ಸುತ್ತ ಮಣ್ಣಿನ ಕೋಣೆಗಳು, ಎಲ್ಲಕ್ಕೂ ಒಂದೇ ಹೆಬ್ಬಾಗಿಲು. ಈ ಪಕ್ಕದಲ್ಲಿ ಲಿಬ್ರಾದಕ್ಕ, ಎದುರು ಪಕ್ಕದಲ್ಲಿ ಮಗ ಸೊಸೆ. ಮಕ್ಕಳು ಯಾವ ಒಲೆಯ ಮುಂದೆ ಹಸಿವಾಯಿತೋ ಅಲ್ಲೇ ಉಣ್ಣುತ್ತಾರೆ, ಎಲ್ಲಿ ನಿದ್ದೆ ಬಂತೋ ಅಲ್ಲೇ ಮಲಗುತ್ತಾರೆ. ಫಿನಾಗೆ ಹಾಲೂಡಿಸಿದ್ದು ಎರಡು ತಿಂಗಳು ಕಾರ್ಮೆಲಾಳೇ. ಒಬ್ಬಳು ಬಿದ್ದು ಕಿರುಚಿದರೆ ಎರಡೂ ಕಡೆಯ ಬಾಗಿಲು ತೆರೆಯುತ್ತವೆ. ಪಾದ್ರಿಗಳೂ ಮನೆಗಳನ್ನು ಆಶೀರ್ವದಿಸಲು ಬಂದಾಗ ಇಡೀ ಅಂಗಳಕ್ಕೆ ಒಂದೇ ಸಲ ತೀರ್ಥ ಚಿಮುಕಿಸಿ ಹೋಗುತ್ತಾರೆ. ಹೆಬ್ಬಾಗಿಲು ಒಂದಾದರೆ ಮಕ್ಕಳೂ ಒಂದೇ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ.

ಚೀಟಿ ಎತ್ತುವ ದಿನದವರೆಗೆ ಲಿಬ್ರಾದಕ್ಕ ದಿನವೂ ಜಪಸರ ಹಿಡಿದಳು. ಬಾಲಯೇಸುವಿಗೆ ಹರಕೆ ಹೊತ್ತಳು. ನಮ್ಮ ಕಣಿವೆಯ ಬಾಲಯೇಸು ಸುಮ್ಮನೆ ಕೂರುವವನಲ್ಲ; ಕತ್ತಲಾದ ಮೇಲೆ ಮನೆಮನೆ ತಿರುಗಿ ಹಸಿದವರನ್ನೂ ಕಾಯಿಲೆಯವರನ್ನೂ ನೋಡಿಬರುತ್ತಾನೆ, ನಡೆದು ನಡೆದು ಅವನ ಬೂಟು ಸವೆಯುತ್ತದೆ. ಅದಕ್ಕೇ ಅವನಿಗೆ ಹರಕೆಯೆಂದರೆ ಎಳೆಮಗುವಿನ ಬೂಟು. ಜಾಗ ಕೊಡಿಸು, ಹೊಸ ಬೂಟು ತರುತ್ತೇನೆ ಎಂದಳು. ಆಮೇಲೆ, ದೇವರೊಡನೆ ಚೌಕಾಸಿ ಮಾಡಿದೆನಲ್ಲ ಎಂದು ನಾಚಿಕೊಂಡಳು.

ಆ ದಿನ ಶಾಲೆಯ ಹಜಾರ ತುಂಬಿತ್ತು. ಬುಟ್ಟಿಯಲ್ಲಿ ನಂಬರು ಬರೆದ ಚೆಂಡುಗಳು. ಚೆಂಡು ತೆಗೆಯುವ ಮುಂಚೆ, ಆಗಲೇ ಓದುತ್ತಿರುವವರ ಮನೆಯ ಮಕ್ಕಳಿಗೆ ಮೊದಲ ಜಾಗ ಎಂದು ಹೇಳಿ ಆಫೀಸಿನ ಹುಡುಗಿ ಒಂದಷ್ಟು ಹೆಸರು ಓದಿದಳು. ಅದರಲ್ಲಿ ಫಿನಾಳ ಹೆಸರು ಬಂತು. ಬುಟ್ಟಿಗೆ ಕೈ ಹಾಕುವ ಮೊದಲೇ! ಲಿಬ್ರಾದಕ್ಕನಿಗೆ ಮುಂದೇನು ನಡೆಯಿತೋ ಕೇಳಿಸಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದು, ಅಂಗಡಿಗೆ ಹೋಗಿ, ಬಿಳಿಯ ಪುಟ್ಟ ಬೂಟು ಕೊಂಡು, ನೇರ ಇಗರ್ಜಿಗೆ ನಡೆದಳು.

ಭಾನುವಾರ ಯೊಲಾಂದಾ ಫೋನ್ ಮಾಡಿದಾಗ ಲಿಬ್ರಾದಕ್ಕ ವಿಷಯ ತಿಳಿಸಿದಳು. ಮಗಳಿಗೆ ಶಿಬಿರದಲ್ಲಿ ತಟ್ಟೆ ತೊಳೆಯುವಾಗೆಲ್ಲ ಗೋಡೆಯ ಮೇಲೆ ಕೂತ ಮಗುವೇ ಕಣ್ಣಮುಂದೆ ಬರುತ್ತಿತ್ತಂತೆ. ಇನ್ನು ಮೇಲೆ ಹೂಜಿ ಹಿಡಿದ ಮಗುವನ್ನು ನೆನೆಯಬಹುದು ಎಂದಳು.

ಏಪ್ರಿಲ್ ಮೊದಲ ಶನಿವಾರ ಊರ ಕಾಲುವೆ ತೋಡುವ ದಿನ. ನೀರು ಬಿಡುವ ಮೊದಲು ಕಾಲುವೆಯ ಹೂಳು ತೆಗೆಯಬೇಕು; ಯಾರ ಹೊಲಕ್ಕೆ ನೀರು ಹೋಗುತ್ತದೋ ಆ ಮನೆಯಿಂದ ಒಬ್ಬರು ಗುದ್ದಲಿ ಹಿಡಿದು ಬರಲೇಬೇಕು. ನೀರುಗಂಟಿ ತ್ರಾಂಕಿಲಿನೋ ಕೋಲು ಹಿಡಿದು ದಂಡೆಯ ಮೇಲೆ ನಡೆಯುತ್ತ, ಒಬ್ಬೊಬ್ಬರಿಗೂ ಅವರವರ ಪಾಲು ಅಳೆದು ಗೆರೆ ಎಳೆಯುತ್ತಿದ್ದ. ಮಧ್ಯಾಹ್ನಕ್ಕೆ ಹೆಂಗಸರು ಹಂಡೆಯಲ್ಲಿ ಮೆಕ್ಕೆಜೋಳ, ಮಾಂಸ ಬೇಯಿಸಿದ ಪೊಸೋಲೆ, ಕೆಂಪು ಮೆಣಸಿನ ಸಾರು, ಬಟ್ಟೆಯಲ್ಲಿ ಸುತ್ತಿದ ಟೊರ್ಟಿಯಾ ತಂದರು. ಬಡಿಸುವ ಸೌಟು ಯಾವತ್ತಿನಂತೆ ಲಿಬ್ರಾದಕ್ಕನ ಕೈಯಲ್ಲಿತ್ತು. ಫಿನಾ ಬೆನಿತಾಳ ಜೊತೆ ದಂಡೆಯಲ್ಲಿ ಕಲ್ಲು ಹೆಕ್ಕುತ್ತಿದ್ದಳು, ಆದರೆ ಮುಖ ರಸ್ತೆಯ ಕಡೆಗಿತ್ತು.

"ಲೋ ಎಪಿಫಾನಿಯೋ," ಎಂದು ನೀರುಗಂಟಿ ಕೂಗಿದ, "ಕಾಲುವೆ ತೋಡ್ತಿದ್ದೀಯೋ, ಗುದ್ದಲಿಗೆ ಒರಗಿ ನಿದ್ದೆ ಮಾಡ್ತಿದ್ದೀಯೋ?"

"ನೀವು ಕೋಲು ಹಿಡ್ಕೊಂಡು ಓಡಾಡೋದನ್ನ ನೋಡಿ ನೋಡಿ ನಂಗೇ ಸುಸ್ತಾಯ್ತು ಮಾವ. ಒಂದು ಸಲ ಗುದ್ದಲಿ ಮುಟ್ಟಿ, ಅದಕ್ಕೂ ಪುಣ್ಯ ಬರ್ಲಿ."

ಎಲ್ಲರೂ ನಕ್ಕರು. ಎಪಿಫಾನಿಯೋ ಮೇಲಿನ ಕೇರಿಯವನು, ಬೆಟ್ಟದಲ್ಲಿ ಸೌದೆ ಕಡಿದು ಮಾರುವವನು. ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಮಗಳು ಅಮಾಲ್ಯಾಳನ್ನು ಒಬ್ಬನೇ ಸಾಕುತ್ತಿದ್ದ. ಕಾಡಿಗೆ ಹೋಗುವಾಗ ಮಗುವನ್ನೂ ಲಾರಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಮರ ಬೀಳುವ ಜಾಗದಲ್ಲಿ ಮಗುವನ್ನು ಕೆಳಗಿಳಿಸುವಂತಿಲ್ಲ. ಅದು ಇಡೀ ದಿನ ಗಾಜು ಏರಿಸಿದ ಲಾರಿಯೊಳಗೇ ಇರುತ್ತಿತ್ತು.

ಅವನ ತಟ್ಟೆಗೆ ಪೊಸೋಲೆ ಹಾಕುತ್ತ ಲಿಬ್ರಾದಕ್ಕ ಮಗಳ ಕ್ಷೇಮ ಕೇಳಿದಳು. ಚೆನ್ನಾಗಿದ್ದಾಳೆ, ಶಾಲೆಯೊಂದು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದ. ಅವನೂ ಅದೇ ಶಾಲೆಗೆ ಅರ್ಜಿ ಹಾಕಿದ್ದನಂತೆ. ಚೆಂಡುಗಳು ಒಂದೊಂದಾಗಿ ಬಂದು, ಜಾಗಗಳೆಲ್ಲ ತುಂಬಿ, ಅದರ ಮರುಚೆಂಡೇ ಅಮಾಲ್ಯಾಳದಾಗಿತ್ತು. ಈಗ ಅವಳು ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು.

"ಒಂದೇ ಒಂದು ಜಾಗ ಇದ್ದಿದ್ರೆ ಆಗ್ತಿತ್ತು ಲಿಬ್ರಾದಕ್ಕ. ನಮ್ಮಣ್ಣನ ಮಗ ಅಲ್ಲೇ ಓದ್ತಾನಲ್ಲ, ನಮ್ಮ ಮನೆ ಹುಡುಗನೇ ಅಂತ ಹೇಳಿ ನೋಡ್ದೆ. ಅದು ಲೆಕ್ಕಕ್ಕಿಲ್ವಂತೆ. ಒಬ್ರೇ ತಾಯಿ ತಂದೆ ಮಕ್ಕಳಾಗಿರ್ಬೇಕಂತೆ. ನಿಯಮ ಅಂದ್ಮೇಲೆ ನಿಯಮ, ಏನ್ಮಾಡೋದು."

ಅವನ ದನಿಯಲ್ಲಿ ದೂರು ಇರಲಿಲ್ಲ. ಟೊರ್ಟಿಯಾ ಮುರಿದು ಸಾರಿಗೆ ಅದ್ದಿದ. ಲಿಬ್ರಾದಕ್ಕನ ಸೌಟು ಹಂಡೆಯ ಮೇಲೆ ನಿಂತಿತು. ಹಿಂದೆ ನಿಂತವರು ತಟ್ಟೆ ಚಾಚಿಕೊಂಡೇ ಇದ್ದರು. ತ್ರಾಂಕಿಲಿನೋ, "ಏನಕ್ಕ, ಪೊಸೋಲೆಗೂ ಚೀಟಿ ಎತ್ತಬೇಕಾ?" ಎಂದಾಗ ಮತ್ತೆ ಬಡಿಸತೊಡಗಿದಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ತಾನು ಮೋಸ ಮಾಡಿಲ್ಲ, ಅದು ಅವಳಿಗೆ ಗೊತ್ತಿತ್ತು. ಕೇಳಿದ್ದಕ್ಕೆ ಇದ್ದದ್ದು ಹೇಳಿದ್ದಳು. ಈಗಲೂ ಯಾರಾದರೂ ಕೇಳಿದರೆ ಬೆನಿತಾ ಫಿನಾಳ ಅಕ್ಕನೇ. ಆದರೆ ಎಪಿಫಾನಿಯೋನ ಅಣ್ಣನ ಮಗನೂ ಅಮಾಲ್ಯಾಳ ಅಣ್ಣನೇ. ಅವನ ಹೆಬ್ಬಾಗಿಲನ್ನು ಅಳೆದ ಕೋಲಿನಿಂದಲೇ ತನ್ನದನ್ನೂ ಅಳೆಯಬೇಕಲ್ಲವೇ? ಅವಳ ಗಂಡನೂ ಒಂದು ಕಾಲಕ್ಕೆ ನೀರುಗಂಟಿಯಾಗಿದ್ದವನು. ತನ್ನ ಸರದಿ ಮುಗಿದರೆ, ಮೆಣಸಿನ ಸಾಲು ಇನ್ನೂ ಒಣಗಿದ್ದರೂ, ತನ್ನ ಹೊಲದ ತೂಬನ್ನು ತಾನೇ ಮುಚ್ಚಿ ಬರುತ್ತಿದ್ದ. ಆ ವರ್ಷ ಮೆಣಸು ಬಾಡಿತು. ಅವಳು ಅವನೊಡನೆ ಜಗಳವಾಡಿದ್ದಳು.

ಎಲ್ಲಕ್ಕಿಂತ ಕಷ್ಟವಾದದ್ದು ಬಾಲಯೇಸುವಿನ ಮುಂದೆ ಕೂರುವುದು. ಅವನು ಕೊಡದೇ ಇದ್ದದ್ದಕ್ಕೆ ಅವನಿಗೆ ಧನ್ಯವಾದ ಹೇಳಿದ್ದಳು. ಬಿಳಿಯ ಬೂಟು ಅವನ ಕಾಲ ಬಳಿ ಬೇರೆಯವರ ಹರಕೆಯ ಬೂಟುಗಳ ನಡುವೆ ಇತ್ತು. ಅವನು ಅದನ್ನು ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಮಣ್ಣಿನ ಗೋಡೆಯ ತಂಪಿನಲ್ಲಿ ಅವಳು ಕಣ್ಣು ಮುಚ್ಚಿ ಕೂತಾಗ ಎರಡು ಮಕ್ಕಳು ಕಾಣುತ್ತಿದ್ದವು. ಒಂದು ಗೋಡೆಯ ಮೇಲೆ ಕೂತು ರಸ್ತೆ ನೋಡುತ್ತಿತ್ತು. ಇನ್ನೊಂದು ಗಾಜಿನ ಹಿಂದೆ ಕೂತು ಮರ ಬೀಳುವುದನ್ನು ನೋಡುತ್ತಿತ್ತು. ಯಾವುದು ಹೆಚ್ಚು ಒಂಟಿ ಎಂದು ತೂಗಲು ಅವಳ ಬಳಿ ತಕ್ಕಡಿಯಿರಲಿಲ್ಲ. ತೂಗುವ ಕೆಲಸ ಯಾರದೂ ಆಗಬಾರದೆಂದೇ ಅಲ್ಲವೇ ಬುಟ್ಟಿಯಲ್ಲಿ ಚೆಂಡು ಹಾಕಿದ್ದು ಎಂದೂ ಒಂದು ದಿನ ಹೊಳೆಯಿತು.

ಮನಸ್ಸಿನಲ್ಲಿದ್ದುದನ್ನು ಸೊಸೆಗೆ ಹೇಳಿದಳು. ಕಾರ್ಮೆಲಾ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರಾದ್ರೂ ಕೇಳಿದ್ರಾ ಅತ್ತೆ?"

"ಇಲ್ಲ."

"ಮತ್ತೆ? ನೀವು ಕದ್ದಿದ್ದೀರಾ? ಅವಳು ತಪ್ಪು ಬರ್ಕೊಂಡ್ರೆ ಅದು ಅವಳ ತಪ್ಪು." ಮತ್ತೆ ಹಿಟ್ಟಿಗೆ ಕೈ ಹಾಕುತ್ತ, "ಬಾಲಯೇಸು ಬೂಟು ಹಾಕ್ಕೊಂಡಾಗಿದೆ. ಈಗ ಹೋಗಿ ಬಿಚ್ಚಿ ಕೊಡು ಅಂತೀರಾ?" ಎಂದಳು.

ಲಿಬ್ರಾದಕ್ಕನಿಗೆ ನಗು ಬಂತು, ಕಾರ್ಮೆಲಾಳಿಗೂ. ಆದರೆ ನಗುತ್ತಲೇ ಅವಳ ಕಣ್ಣು ತುಂಬಿತು. ಹಿಟ್ಟಿನ ಕೈಯಿಂದಲೇ ಒರೆಸಿಕೊಂಡು ಬೇರೆ ದನಿಯಲ್ಲಿ ಹೇಳಿದಳು: "ಬೆನಿತಾ ಅವಳ ಅಕ್ಕ ಅಲ್ಲ ಅಂತ ನಿಮ್ಮ ಬಾಯಲ್ಲೇ ಹೋಗಿ ಹೇಳ್ತೀರಾ ಅತ್ತೆ? ನಾನು ಎದೆಹಾಲು ಕೊಟ್ಟಿದ್ದೀನಿ ಆ ಮಗೂಗೆ."

ಅದು ಚುಚ್ಚಿತು. ಲಿಬ್ರಾದಕ್ಕ ನೀರು ತಂದು ಸೊಸೆಯ ಕೈಗೆ ಸುರಿದಳು, ಹಿಟ್ಟು ಬಿಡುವವರೆಗೆ ಸುರಿಯುತ್ತಲೇ ಇದ್ದಳು.

"ಅಕ್ಕ ಅಲ್ಲ ಅಂತ ಹೇಳಲ್ಲ. ಅವಳು ಅಕ್ಕಾನೇ. ಅಷ್ಟಕ್ಕೇ ಜಾಗ ನಮ್ದಾಗಲ್ಲ ಅಂತ ಹೇಳ್ತೀನಿ."

ಯೊಲಾಂದಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಎರಡು ಭಾನುವಾರ ಹವೆ, ಆಡು, ಪಾದ್ರಿಗಳ ಮಂಡಿನೋವು ಇವೇ ಮಾತಾದವು. ಮೂರನೆಯ ಭಾನುವಾರ ಎಲ್ಲವನ್ನೂ ಬಿಚ್ಚಿ ಹೇಳಿದಳು. ಅಮಾಲ್ಯಾಳ ಲಾರಿಯ ವಿಷಯವನ್ನೂ ಹೇಳಿದಳು. ಆ ಕಡೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಬಾಗಿಲು ಮುಚ್ಚಿಕೊಂಡಿರಬೇಕು.

"ಅವಳು ಇನ್ನೂ ಗೋಡೆ ಮೇಲೆ ಕೂರ್ತಾಳಾ ಅಮ್ಮಾ?"

"ಕೂರ್ತಾಳೆ."

"ಈಗ್ಲೂ?"

"ಈಗ್ಲೂ ಅಲ್ಲೇ ಇದ್ದಾಳೆ ಮಗಾ. ಭಾನುವಾರ ಅಲ್ವಾ."

ಯೊಲಾಂದಾ, ಇಲ್ಲಿನ ಕೆಲಸ ಬಿಟ್ಟು ಬಂದರೆ ಎಂಬ ಮಾತನ್ನು ಶುರು ಮಾಡಿ ಅರ್ಧಕ್ಕೇ ಬಿಟ್ಟಳು. ಅಂಥ ಮಾತನ್ನು ಅವರು ಎಷ್ಟೋ ಸಲ ಆಡಿ ಮುಗಿಸಿದ್ದರು, ಊರಿನಲ್ಲಿ ಕೆಲಸವಿಲ್ಲ. "ಆ ಎಪಿಫಾನಿಯೋನ ಹೆಂಡ್ತಿ ನನ್ನ ಜೊತೆ ಓದಿದವಳು," ಎಂದಳು. "ನಂಗೆ ಬಿಟ್ಟುಕೊಡೋಕೆ ಇಷ್ಟ ಇಲ್ಲಮ್ಮ. ಇದನ್ನ ನಿಂಗೆ ಹೇಳ್ಲೇಬೇಕು. ಒಂದು ಚೂರೂ ಇಷ್ಟ ಇಲ್ಲ."

"ನಂಗೂ ಇಲ್ಲ," ಎಂದಳು ಲಿಬ್ರಾದಕ್ಕ.

"ಹಾಗಾದ್ರೆ ಬೇಗ ಹೋಗಿ ಕೊಟ್ಟುಬಿಡು. ಇಟ್ಕೊಂಡಷ್ಟೂ ಬಿಡೋಕಾಗಲ್ಲ."

ಮರುದಿನ ಬೆಳಗ್ಗೆ ಲಿಬ್ರಾದಕ್ಕ ಫಿನಾಳನ್ನು ಕರೆದುಕೊಂಡು ಶಾಲೆಗೆ ಹೊರಟಳು. ಬಿಟ್ಟು ಹೋಗಬಹುದಿತ್ತು, ಕಾರ್ಮೆಲಾ ನೋಡಿಕೊಳ್ಳುತ್ತಿದ್ದಳು. ಆದರೆ ಮಗುವಿನ ಬೆನ್ನ ಹಿಂದೆ ಮಗುವಿನ ಜಾಗ ಕೊಟ್ಟು ಬರುವುದು ಅವಳಿಗೆ ಸರಿ ಕಾಣಲಿಲ್ಲ. ಕಾರಿನಲ್ಲಿ ಕೂತು ಎಲ್ಲ ಹೇಳಿದಳು: ಆ ಕೋಣೆಯಲ್ಲಿ ನಿನ್ನದೆಂದುಕೊಂಡಿದ್ದ ಜಾಗ ಇನ್ನೊಂದು ಮಗುವಿನದಂತೆ, ನಮಗೆ ಗೊತ್ತಿರಲಿಲ್ಲ.

ಫಿನಾ ಯೋಚಿಸಿದಳು. "ಆ ಮಗು ಕಾಯ್ತಾ ಇದೆಯಾ?"

"ಹೂಂ."

"ಎಲ್ಲಿ?"

"ಅವರಪ್ಪನ ಲಾರಿಯಲ್ಲಿ."

ಕಾಯುವುದೆಂದರೆ ಏನೆಂದು ಆ ಮಗುವಿಗೆ ಯಾರೂ ವಿವರಿಸಬೇಕಿರಲಿಲ್ಲ. ಸೇತುವೆ ದಾಟಿದ ಮೇಲೆ, "ನನ್ನ ಸರದಿ ಯಾವಾಗ?" ಎಂದಳು.

"ಗೊತ್ತಿಲ್ಲ ಕಂದಾ," ಎಂದಳು ಅಜ್ಜಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮಿಸ್ ಆಲ್ಥಿಯಾ ತನ್ನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಲಿಬ್ರಾದಕ್ಕ ಕೂರಲಿಲ್ಲ. ಬೆನಿತಾ ನನ್ನ ಮಗನ ಮಗಳು, ಫಿನಾ ಮಗಳ ಮಗಳು. ನಮ್ಮಲ್ಲಿ ಅವರು ಅಕ್ಕತಂಗಿಯರು, ನಿಮ್ಮ ನಿಯಮದಲ್ಲಿ ಅಲ್ಲ ಎಂದು ಆಮೇಲೆ ತಿಳಿಯಿತು ಎಂದು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಹಾಗೆಯೇ ಹೇಳಿದಳು. ಆ ಹುಡುಗಿಯನ್ನು ಬೈಯಬೇಡಿ, ಕನ್ನಡಕ ಮರೆತವಳು ನಾನು ಎಂದೂ ಸೇರಿಸಿದಳು.

ಮಿಸ್ ಆಲ್ಥಿಯಾ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. ಅವಳ ಮುಖ ಬಾಡಿತು. ಇಷ್ಟು ವರ್ಷ ಈ ಕಣಿವೆಯಲ್ಲಿದ್ದು, ಇಲ್ಲಿನ ಅಂಗಳಗಳಲ್ಲಿ ಕೂತು ಉಂಡು, ಇಂಥ ಪ್ರಶ್ನೆಗೆ ಇಂಥ ಉತ್ತರವೇ ಬರುತ್ತದೆಂದು ತನಗೆ ಮೊದಲೇ ತೋಚಬೇಕಿತ್ತು, ಮುಂದೆ ಬೇರೆ ರೀತಿ ಕೇಳಿಸುತ್ತೇನೆ ಎಂದಳು. ತಿಳಿದ ಮೇಲೆ ಜಾಗವನ್ನು ಹಾಗೇ ಇಡಲು ತನಗೆ ಬರುವುದಿಲ್ಲ; ಫಿನಾ ಈಗ ಪಟ್ಟಿಯ ಕೊನೆಗೆ ಹೋಗುತ್ತಾಳೆ, ಈ ವರ್ಷ ಕರೆ ಬರುವುದು ಕಷ್ಟ, ಮುಂದಿನ ಫೆಬ್ರವರಿಯಲ್ಲಿ ಮತ್ತೆ ಅರ್ಜಿ ಹಾಕಬಹುದು. ಇದನ್ನೆಲ್ಲ ಅವಳು ಮೆಲ್ಲಗೆ, ಮಧ್ಯೆ ಮಧ್ಯೆ ನಿಲ್ಲಿಸಿ ಹೇಳಿದಳು. ಲಿಬ್ರಾದಕ್ಕ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

"ಒಂದು ಮಾತು," ಎಂದಳು ಕೊನೆಗೆ. "ಎಪಿಫಾನಿಯೋಗೆ ಜಾಗ ಖಾಲಿಯಾಯ್ತು ಅನ್ನಿ ಸಾಕು. ಯಾರು ಬಿಟ್ರು, ಯಾಕೆ ಬಿಟ್ರು ಅಂತ ಬೇಡ. ಗೊತ್ತಾದ್ರೆ ಅವನು ತಗೊಳ್ಳಲ್ಲ."

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಕ್ಕಳ ಆ ತಗ್ಗಿದ ಸದ್ದು. ಫಿನಾ ಹೊಸ್ತಿಲ ಈಚೆಗೇ ನಿಂತು, ಒಳಗೆ ಕಾಲಿಡದೆ, ನೋಡುತ್ತಿದ್ದಳು. ಯಾರೋ ನೀರು ಸುರಿಯುತ್ತಿದ್ದರು, ಯಾರೋ ಚಾಪೆ ಸುತ್ತುತ್ತಿದ್ದರು. ಅವಳ ಎರಡೂ ಕೈ ಬೆನ್ನ ಹಿಂದಿದ್ದವು.

ಲಿಬ್ರಾದಕ್ಕ ಚೀಲ ತೆರೆದಳು. ಜಾಗ ಸಿಕ್ಕಿತೆಂದು ಶಾಲೆ ಕಳಿಸಿದ್ದ ಹಾಳೆ ಪ್ರಾರ್ಥನೆ ಪುಸ್ತಕದ ನಡುವೆ ಮಡಚದೆ ಇತ್ತು. ಅದನ್ನು ತೆಗೆದು, ಅಂಗೈಯಿಂದ ಒಮ್ಮೆ ಸವರಿ, ಮೇಜಿನ ಆ ಬದಿಗೆ ಸರಿಸಿ, ಕೈ ತೆಗೆದುಕೊಂಡಳು.